ಭಾನುವಾರದ ಪಟ್ಟಿಯಲ್ಲಿ ಗೆಳತಿಯ ನಂಬರ್ ಇಲ್ಲ

ಎಸ್ಸೆಸ್ಸೆಲ್ಸಿ ಮುಗಿಸಿ ವಸತಿ ಪಿಯು ಕಾಲೇಜು ಸೇರಿದ ನೆಂಟರ ಹುಡುಗಿಯೊಬ್ಬಳಿಗೆ ಭಾನುವಾರ ಹತ್ತು ನಿಮಿಷ ಫೋನ್ ಸಿಗುತ್ತದೆ. ವಾರ್ಡನ್ ಬಳಿಯ ಪಟ್ಟಿಯಲ್ಲಿರುವುದು ಎರಡೇ ನಂಬರ್: ಅಪ್ಪನದು, ಅಮ್ಮನದು. ಏಳು ವರ್ಷ ಒಂದೇ ಬೆಂಚಿನಲ್ಲಿ ಕೂತ ಗೆಳತಿ ಊರಲ್ಲೇ ಕಾಮರ್ಸ್ ಓದುತ್ತಿದ್ದಾಳೆ. ಅವಳ ಸಮಾಚಾರ ಅಮ್ಮನ ಬಾಯಿಂದಲೇ ತಿಳಿಯಬೇಕು. ‘ಎರಡು ವರ್ಷ ತಡ್ಕೊ, ನೀಟ್ ಮುಗೀಲಿ. ಆಮೇಲೆ ಎಷ್ಟು ಬೇಕಾದ್ರೂ ಹರಟೆ ಹೊಡಿ’ ಎನ್ನುತ್ತಾರೆ ಅಮ್ಮ.

ಈ ‘ಆಮೇಲೆ’ಯ ಲೆಕ್ಕಾಚಾರದ ಬಗ್ಗೆಯೇ ನನ್ನ ತಕರಾರು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ರೇಚಲ್ ನಾರ್, ಜೋಸೆಫ್ ಅಲೆನ್ ಮತ್ತು ಸಂಗಡಿಗರು 169 ಮಕ್ಕಳನ್ನು 15ನೇ ವಯಸ್ಸಿನಿಂದ 25ರವರೆಗೆ ಗಮನಿಸಿ, 2017ರಲ್ಲಿ ‘ಚೈಲ್ಡ್ ಡೆವಲಪ್‌ಮೆಂಟ್’ ನಿಯತಕಾಲಿಕದಲ್ಲಿ ಅಧ್ಯಯನ ಪ್ರಕಟಿಸಿದರು. ಮಕ್ಕಳ ಮಾತನ್ನಷ್ಟೇ ನೆಚ್ಚಿಕೊಳ್ಳದೆ, ಅವರ ಆಪ್ತ ಗೆಳೆಯರನ್ನೂ ಕರೆಸಿ ಕೇಳಿದ್ದರು. ಹದಿಹರೆಯದಲ್ಲಿ ಮನಸ್ಸು ಬಿಚ್ಚಿ ಮಾತಾಡುವಷ್ಟು ಗಟ್ಟಿ ಸ್ನೇಹ ಇದ್ದವರಲ್ಲಿ 25ರ ಹೊತ್ತಿಗೆ ಖಿನ್ನತೆಯ ಲಕ್ಷಣಗಳು ಕಡಿಮೆಯಾಗಿದ್ದವು, ತಮ್ಮ ಬಗ್ಗೆ ತಮಗಿದ್ದ ಗೌರವ ಹೆಚ್ಚಿತ್ತು. ಕ್ಲಾಸಿಗೆಲ್ಲ ಬೇಕಾದವರಾಗಿ ಮೆರೆದಿದ್ದವರಲ್ಲಿ ನಾಲ್ಕು ಜನರೆದುರಿನ ಅಳುಕು ಜಾಸ್ತಿಯಾಗಿತ್ತು. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಈ ವ್ಯತ್ಯಾಸ ತಕ್ಷಣಕ್ಕೆ ಕಂಡಿರಲಿಲ್ಲ. ಹಾಗಾಗಿ, ‘ನಮ್ಮ ಹುಡುಗಿ ಚೆನ್ನಾಗೇ ಇದ್ದಾಳಲ್ಲ’ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು.

169 ದೊಡ್ಡ ಸಂಖ್ಯೆಯೇನಲ್ಲ, ಅದೂ ಪರದೇಶದ್ದು. ಸ್ನೇಹದಿಂದ ಮನಸ್ಸು ಗಟ್ಟಿಯಾಯಿತೋ, ಗಟ್ಟಿ ಮನಸ್ಸಿನವರಿಗೆ ಸ್ನೇಹ ದಕ್ಕಿತೋ ಎಂದು ಕೇಳುವವರು ಕೇಳಬಹುದು. ಕೇಳಲಿ. ಆದರೆ ಸ್ನೇಹವನ್ನು ‘ಆಮೇಲೆ’ಗೆ ತಳ್ಳುವ ನಮ್ಮ ರೂಢಿಗಂತೂ ಯಾವ ಅಧ್ಯಯನದ ಬೆಂಬಲವೂ ನನಗೆ ಕಂಡಿಲ್ಲ. ‘ಸಂಗ’ ಎಂದರೆ ಕೆಟ್ಟ ಸಂಗ ಎಂದೇ ನಮ್ಮ ಮನೆಗಳಲ್ಲಿ ಅರ್ಥ. ಆ ಭಯ ಪೂರ್ತಿ ಸುಳ್ಳಲ್ಲ, ಆದರೆ ಕಳೆಯ ಜೊತೆ ಪೈರನ್ನೂ ಕಿತ್ತುಹಾಕುತ್ತಿದ್ದೇವೆ. ಈ ಹುಡುಗಿಯ ಕಾಲೇಜಿನಲ್ಲಿ ಟೆಸ್ಟ್ ಅಂಕ ನೋಡಿ ಸೆಕ್ಷನ್ ಬದಲಿಸುತ್ತಾರೆ. ಜೂನ್‌ನಿಂದ ಅವಳಿಗೆ ಮೂರು ಸೆಕ್ಷನ್ ಆಗಿವೆ. ಪಕ್ಕದಲ್ಲಿ ಕೂತವಳ ಊರು ಕೇಳುವಷ್ಟರಲ್ಲಿ ಪಕ್ಕದವಳೇ ಬದಲು. ಹಳ್ಳಿಯಲ್ಲಿ ಉಳಿದ ಹೆಣ್ಣುಮಕ್ಕಳ ಪಾಡು ಬೇರೆ. ಗಂಡುಹುಡುಗರಿಗೆ ಅರಳಿಕಟ್ಟೆಯಾದರೂ ಇದೆ, ಇವರಿಗೆ ಶಾಲೆ ಮುಗಿದರೆ ಗೆಳತಿಯೂ ಮುಗಿದಳು.

ನಿಮ್ಹಾನ್ಸ್ ನೇತೃತ್ವದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ಸಮಸ್ಯೆ ಇದೆ ಎಂದಿತ್ತು. 2022ರಿಂದ ಟೆಲಿ ಮನಸ್ ಸಹಾಯವಾಣಿ (14416) ಇದೆ, ಅದು ಬೇಕು ಕೂಡ. ಆದರೆ ರಾತ್ರಿ ನಿದ್ದೆ ಬಾರದ ಹುಡುಗಿ ಮೊದಲು ಪಿಸುಗುಟ್ಟುವುದು ಪಕ್ಕದ ಮಂಚದವಳ ಹತ್ತಿರ. ಆಕೆ ಆಪ್ತಳಾಗಿದ್ದರೆ ತಾನೇ ಹೇಳುವುದು?

ಪ್ರಾಂಶುಪಾಲರು, ಪೋಷಕರು ಕೂತು ಎರಡು ಕೆಲಸ ಮಾಡಬಹುದು. ಸೆಕ್ಷನ್‌ಗಳನ್ನು ವರ್ಷಪೂರ್ತಿ ಹಾಗೇ ಬಿಡಿ. ಭಾನುವಾರದ ಪಟ್ಟಿಯಲ್ಲಿ ಮೂರನೇ ನಂಬರಿಗೆ ಜಾಗ ಕೊಡಿ. ಇದಕ್ಕೆ ಸರ್ಕಾರದ ಸುತ್ತೋಲೆ ಬರಬೇಕಿಲ್ಲ.