ಉಮಿಯ ಇದ್ದಿಲಿಗೆ ಹೊಸ ಕೆಲಸ

ಹಲ್ಲುಪುಡಿಯ ಡಬ್ಬಿಗಳು ಅಂಗಡಿಗೆ ಬರುವ ಮುನ್ನ ಕರಾವಳಿ ಮಲೆನಾಡುಗಳ ಅನೇಕ ಮನೆಗಳಲ್ಲಿ ಬೆಳಗಿನ ದಂತಧಾವನಕ್ಕೆ ಒದಗುತ್ತಿದ್ದುದು ಭತ್ತದ ಉಮಿಯನ್ನು ಸುಟ್ಟು ಮಾಡಿದ ಕರಿ. ಚಿಟಿಕೆ ಉಪ್ಪು ಬೆರೆಸಿದ ಆ ಪುಡಿಯನ್ನು ಇಂದಿನ ಮಕ್ಕಳಲ್ಲಿ ಹಲವರು ಕಂಡರಿಯರು. ಆದರೆ ಅಂಥದೇ ಇದ್ದಿಲಿಗೆ ಈಗ ರಸಾಯನಶಾಸ್ತ್ರಜ್ಞರ ಪ್ರಯೋಗಶಾಲೆಯಲ್ಲಿ ಬೇರೊಂದು ಕೆಲಸ ದೊರೆತಿದೆ. ಅದು ಆಮ್ಲದ ಕೆಲಸ.

ತಾನು ವ್ಯಯವಾಗದೆ ಇತರ ವಸ್ತುಗಳ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪದಾರ್ಥಕ್ಕೆ ಕ್ರಿಯಾವರ್ಧಕವೆಂದು ಹೆಸರು. ಸ್ವೀಡನ್ನಿನ ಬರ್ಜೀಲಿಯಸ್ ಈ ವಿದ್ಯಮಾನಕ್ಕೆ ಹೆಸರಿಟ್ಟುದು 1835ರಲ್ಲಿ. ಇಂಥ ಪದಾರ್ಥಗಳಲ್ಲಿ ಗಂಧಕಾಮ್ಲವು ಅಗ್ಗವೂ ಹೌದು, ಪ್ರಬಲವೂ ಹೌದು. ಅದರ ದೋಷವೆಂದರೆ ದ್ರವವಾಗಿರುವುದು. ಸಾರಿಗೆ ಹಾಕಿದ ಉಪ್ಪನ್ನು ಮರಳಿ ತೆಗೆಯುವವರುಂಟೆ? ಹಾಗೆಯೇ, ಕೆಲಸ ಮುಗಿದ ಮೇಲೂ ಆಮ್ಲವು ಸರಕಿನಲ್ಲಿಯೇ ಬೆರೆತಿರುತ್ತದೆ. ಸುಣ್ಣವನ್ನೋ ಸೋಡಾವನ್ನೋ ಹಾಕಿ ಅದನ್ನು ತಣಿಸಬೇಕು, ನೀರಿನಿಂದ ತೊಳೆದು ಹೊರಚೆಲ್ಲಬೇಕು. ಪಾತ್ರೆಯ ಲೋಹವೂ ಸವೆಯುತ್ತದೆ. ಘನರೂಪದ ಆಮ್ಲವಾದರೋ ಸಾರಿನೊಳಗಿನ ಕರಿಬೇವಿನಂತೆ, ಸುಲಭವಾಗಿ ಬೇರ್ಪಡಿಸಬಹುದು. ಕರಿಬೇವಿಗಿಲ್ಲದ ಭಾಗ್ಯವೊಂದು ಅದಕ್ಕುಂಟು: ಮತ್ತೊಮ್ಮೆ ಬಳಸಲೂ ಬಹುದು.

2005ರಲ್ಲಿ ಜಪಾನಿನ ಟೋಕಿಯೋ ತಾಂತ್ರಿಕ ಸಂಸ್ಥೆಯ ಮಿಚಿಕಾಜು ಹಾರಾ ಮತ್ತು ಅವರ ಸಂಗಡಿಗರು ಸಕ್ಕರೆಯಿಂದ ಇಂಥ ಘನಾಮ್ಲವನ್ನು ಮಾಡಿ ತೋರಿಸಿದರು. ಸಕ್ಕರೆಯನ್ನು ಗಾಳಿ ಸೋಕದಂತೆ 300 ಡಿಗ್ರಿ ಸೆಂಟಿಗ್ರೇಡಿಗೂ ಮಿಗಿಲಾದ ಶಾಖದಲ್ಲಿ ಅರೆಸುಟ್ಟ ಕರಿಯಾಗಿಸಿ, ಆ ಕರಿಯನ್ನು ಗಂಧಕಾಮ್ಲದಲ್ಲಿ ಕಾಯಿಸಿದರು. ಆಮ್ಲದ ಗುಂಪುಗಳು ಇಂಗಾಲಕ್ಕೆ ಅಂಟಿಕೊಂಡವು. ಬಿಸಿನೀರಿನಲ್ಲಿ ತೊಳೆದ ಮೇಲೆ ಉಳಿದುದು ಕರಗದ ಕಪ್ಪು ಪುಡಿ. ಇಲ್ಲಿ ‘ಅರೆ’ ಎಂಬುದೇ ಗುಟ್ಟು. ಅತಿಯಾಗಿ ಕಾಯಿಸಿದ ಇಂಗಾಲವು ಪದರುಪದರಾಗಿ ಬಿಗಿದುಕೊಂಡು ಆ ಗುಂಪುಗಳಿಗೆ ಎಡೆಗೊಡದು.

ಸಕ್ಕರೆಯಿಂದ ಆದುದು ಉಮಿಯಿಂದ, ಕಬ್ಬಿನ ಸಿಪ್ಪೆಯಿಂದ, ತೆಂಗಿನ ಕರಟದಿಂದ ಏಕಾಗಬಾರದು? ಪ್ರಯೋಗಶಾಲೆಗಳಲ್ಲಿ ಅದೂ ಆಗಿದೆ. ಕರಿದು ಕರಿದು ಹಳತಾದ ಅಡುಗೆಯೆಣ್ಣೆಯನ್ನು ಜೈವಿಕ ಡೀಸೆಲ್ಲಾಗಿ ಮಾರ್ಪಡಿಸುವುದು ಈ ಪುಡಿಗಳ ಒಂದು ಮುಖ್ಯ ಉಪಯೋಗ. ಅಂಥ ಎಣ್ಣೆಯಲ್ಲಿ ಬಿಡಿಯಾದ ಕೊಬ್ಬಿನಾಮ್ಲಗಳು ಹೆಚ್ಚಾಗಿರುತ್ತವೆ. ಹೊಂಗೆಯೆಣ್ಣೆಯಲ್ಲಿಯೂ ಅನೇಕ ವೇಳೆ ಹಾಗೆಯೇ. ರೂಢಿಯ ಕ್ಷಾರವನ್ನು ಹಾಕಿದರೆ ಅವು ಸಾಬೂನಾಗಿಬಿಡುತ್ತವೆ! ಆಮ್ಲವಾದರೆ ಆ ಕೊಬ್ಬಿನಾಮ್ಲಗಳನ್ನೇ ಮೆಥನಾಲಿನೊಡನೆ ಕೂಡಿಸಿ ಇಂಧನವಾಗಿಸುತ್ತದೆ.

ಇಷ್ಟನ್ನು ಕೇಳಿ, ಕಸದಿಂದ ರಸ ತೆಗೆದಂತಾಯಿತೆಂದು ಹಿಗ್ಗುವ ಮುನ್ನ ಕೆಲವು ಮಾತುಗಳನ್ನು ನೆನೆಯಬೇಕು. ಉಮಿಯನ್ನು ಅಕ್ಕಿಯ ಗಿರಣಿಗಳೂ ಕಬ್ಬಿನ ಸಿಪ್ಪೆಯನ್ನು ಸಕ್ಕರೆ ಕಾರ್ಖಾನೆಗಳೂ ಉರುವಲಾಗಿ ಬಳಸುತ್ತಿವೆ. ಅವು ಯಾರಿಗೂ ಬೇಡದ ವಸ್ತುಗಳಲ್ಲ. ಘನಾಮ್ಲವನ್ನು ಹೀಗೆ ಮಾಡುವುದಕ್ಕೂ ಗಂಧಕಾಮ್ಲವೇ ಬೇಕು. ಅದಕ್ಕಿಂತ ಮುಖ್ಯವಾದ ತೊಡಕು ಇನ್ನೊಂದು. ಬಿಸಿಯಾದ ಮೆಥನಾಲಿನಲ್ಲಿ ಆಮ್ಲದ ಗುಂಪುಗಳು ಸ್ವಲ್ಪಸ್ವಲ್ಪವಾಗಿ ಕಳಚಿಹೋಗುವುದುಂಟು. ಒಂದೆರಡು ಬಳಕೆಗೇ ಸತ್ತ್ವ ಬತ್ತಿದರೆ ಪುಡಿಯನ್ನು ಮತ್ತೆ ಗಂಧಕಾಮ್ಲಕ್ಕೆ ಅದ್ದಬೇಕು. ಆಗ ಉಳಿತಾಯವೆಲ್ಲಿ ಬಂತು?

ಆದುದರಿಂದ ಹೊಸದೊಂದು ಪುಡಿಯ ವಾರ್ತೆ ಬಂದಾಗ, ಮೊದಲ ಸಲ ಅದು ಎಷ್ಟು ಇಂಧನವನ್ನು ಕೊಟ್ಟಿತೆಂದು ಕೇಳಿದರೆ ಸಾಲದು. ಹತ್ತನೆಯ ಸಲ ಎಷ್ಟು ಕೊಟ್ಟಿತೆಂದು ಕೇಳಬೇಕು. ಹೊಸದರಲ್ಲಿ ಅಗಸನು ಗೋಣಿಯನ್ನೂ ಎತ್ತಿ ಎತ್ತಿ ಒಗೆದನೆಂಬ ಗಾದೆ ಇದ್ದಿಲಿಗೂ ಸಲ್ಲುತ್ತದೆ.