ಎಳವೆಯ ಗಾಯ

ಅಮೆರಿಕದ ಸ್ಯಾನ್ ಡಿಯಾಗೊ ನಗರದಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರು ೧೯೮೦ರ ದಶಕದಲ್ಲಿ ಸ್ಥೂಲಕಾಯರ ತೂಕ ಇಳಿಸುವ ಚಿಕಿತ್ಸಾಲಯವೊಂದನ್ನು ನಡೆಸುತ್ತಿದ್ದರು. ಅಲ್ಲಿ ಅವರಿಗೊಂದು ಒಗಟು ಎದುರಾಯಿತು. ಚಿಕಿತ್ಸೆ ಫಲಿಸದವರು ಬಿಟ್ಟುಹೋದರೆ ಸೋಜಿಗವೇನಿಲ್ಲ. ಇಲ್ಲಿಯಾದರೋ ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ನಡುವೆ ಕಾಣದಾಗುತ್ತಿದ್ದರು. ಕಾರಣವನ್ನು ಅರಸಿ ಒಬ್ಬೊಬ್ಬರ ಪೂರ್ವವೃತ್ತಾಂತವನ್ನು ಕೇಳತೊಡಗಿದಾಗ, ಅವರಲ್ಲಿ ಅನೇಕರು ಎಳವೆಯಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾದವರೆಂಬುದು ತಿಳಿದುಬಂದಿತು. ವೈದ್ಯರು ರೋಗವೆಂದು ಬಗೆದಿದ್ದ ಆ ಮೈಭಾರ ಕೆಲವರ ಪಾಲಿಗೆ ಕವಚವಾಗಿತ್ತು. ದಪ್ಪಗಿದ್ದರೆ ಪರರ ಕಣ್ಣು ತಮ್ಮ ಮೇಲೆ ಬೀಳದೆಂಬ ನೆಮ್ಮದಿ ಅವರದು.

ಮುಂದೆ ಫೆಲಿಟ್ಟಿಯವರೂ ರಾಬರ್ಟ್ ಆಂಡಾ ಅವರೂ ಕೂಡಿ ನಡೆಸಿದ ದೊಡ್ಡ ಸಮೀಕ್ಷೆಯ ಫಲಿತಾಂಶ ೧೯೯೮ರಲ್ಲಿ ಪ್ರಕಟವಾಯಿತು. ಹೊಡೆತ, ನಿಂದೆ, ಮನೆಯಲ್ಲಿ ಕುಡುಕರ ಹಾವಳಿ, ತಾಯಿ ಪೆಟ್ಟು ತಿನ್ನುವುದನ್ನು ಕಾಣುವುದು, ಇಂಥ ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟಗಳನ್ನು ಬಾಲ್ಯದಲ್ಲಿ ಉಂಡವರಿಗೆ, ಅಂಥದೇನನ್ನೂ ಕಾಣದವರಿಗಿಂತ ಕುಡಿತದ ಚಟ, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನ ಇವುಗಳ ಅಪಾಯ ೪ರಿಂದ ೧೨ ಪಟ್ಟು ಹೆಚ್ಚೆಂದು ಕಂಡಿತು. ಇದು ಸಂಭವದ ಲೆಕ್ಕವೇ ಹೊರತು ಯಾರೊಬ್ಬರ ಹಣೆಬರಹವೂ ಅಲ್ಲ.

ನಮ್ಮಲ್ಲಿ ಇಂಥ ಸಂಗತಿಗೆ ದೊರೆಯುವ ಉಪದೇಶ ಒಂದೇ: “ಆದದ್ದಾಯಿತು, ಮರೆತುಬಿಡು.” ಹೇಳುವವರಿಗೆ ಎಷ್ಟು ಸುಲಭ! ೨೦೦೭ರಲ್ಲಿ ಭಾರತ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಪ್ರಕಟಿಸಿದ ಅಧ್ಯಯನದಲ್ಲಿ, ೧೩ ರಾಜ್ಯಗಳ ೧೨,೪೪೭ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದ್ದಾಗಿ ತಿಳಿಸಿದ್ದರು. ಬಹುಪಾಲು ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳದೆ ಉಳಿದದ್ದು ಮರೆತುಹೋದಂತಲ್ಲ. ನಲವತ್ತು ವರ್ಷದ ಗೃಹಸ್ಥನೊಬ್ಬ ಬಾಗಿಲ ಚಿಲಕದ ಸದ್ದಿಗೆ ಬೆಚ್ಚಿಬೀಳಬಹುದು. ಮೇಲಧಿಕಾರಿಯ ಸಣ್ಣ ಗದರಿಕೆಗೆ ಬಾಲಕನಂತೆ ನಾಲಗೆ ಕಟ್ಟಿ ನಿಲ್ಲಬಹುದು. ಬುದ್ಧಿಗೆ ಕಾಲ ಸರಿದುಹೋದದ್ದು ಗೊತ್ತು, ಮೈಗೆ ಗೊತ್ತಿಲ್ಲ.

ಇದನ್ನು ‘ಸಂಕೀರ್ಣ ಆಘಾತ’ವೆಂದು ಬೇರೆಯಾಗಿ ಗುರುತಿಸಬೇಕೆಂದು ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ ೧೯೯೨ರಲ್ಲಿ ವಾದಿಸಿದರು. ವಿಶ್ವ ಆರೋಗ್ಯ ಸಂಸ್ಥೆ ೨೦೨೨ರಿಂದ ಜಾರಿಗೆ ತಂದ ರೋಗವರ್ಗೀಕರಣದಲ್ಲಿ ಅದಕ್ಕೆ ಸ್ಥಾನ ದೊರೆತಿದೆ. ಭೀತಿಯ ಮರುಕಳಿಕೆಯೊಡನೆ, ಭಾವಗಳ ಮೇಲೆ ಹಿಡಿತ ತಪ್ಪುವುದು, ತಾನು ಅಯೋಗ್ಯನೆಂಬ ಅಚಲ ನಂಬಿಕೆ, ಯಾರೊಡನೆಯೂ ನಂಟು ನಿಲ್ಲದಿರುವುದು, ಇವು ಅದರ ಲಕ್ಷಣಗಳು.

ಹರ್ಮನ್ ಸೂಚಿಸಿದ ಚಿಕಿತ್ಸೆಗೆ ಮೂರು ಹಂತಗಳುಂಟು. ಮೊದಲನೆಯದು ಸುರಕ್ಷತೆ. ನಿದ್ರೆ ಸರಿಹೋಗಬೇಕು, ಹಿಂಸೆ ಇನ್ನೂ ನಡೆಯುತ್ತಿದ್ದರೆ ಅದು ನಿಲ್ಲಬೇಕು, ಭಯ ಉಕ್ಕಿಬಂದಾಗ ಉಸಿರನ್ನು ಗಮನಿಸಿ, ಪಾದ ನೆಲಕ್ಕೆ ತಾಗಿದ್ದನ್ನು ಅರಿತು, ಈ ಹೊತ್ತಿಗೆ ಮರಳುವ ಅಭ್ಯಾಸವಾಗಬೇಕು. ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಎಲ್ಲರಿಗೂ ಇಷ್ಟು ದೀರ್ಘ ಸಿದ್ಧತೆ ಬೇಕಿಲ್ಲವೆಂಬ ವಾದವೂ ತಜ್ಞರಲ್ಲಿ ಉಂಟು. ಆದರೂ ಮೊದಲ ಭೇಟಿಯಲ್ಲೇ ಹಳೆಯ ಗಾಯವನ್ನು ಕೆದಕಿ ನೋಡುವ ಆತುರ ಚಿಕಿತ್ಸೆಯಲ್ಲ, ಕುತೂಹಲ.

ಎರಡನೆಯದು ನೆನಪು ಮತ್ತು ಶೋಕ. ಚೂರುಚೂರಾಗಿ ಬಂದು ಬೆದರಿಸುವ ಚಿತ್ರಗಳನ್ನು, ರೋಗಿ ತಾನೇ ವೇಗವನ್ನು ನಿರ್ಧರಿಸುತ್ತ, ಆದಿಮಧ್ಯಾಂತಗಳುಳ್ಳ ಕಥೆಯಾಗಿ ಹೇಳಬಲ್ಲವನಾಗುತ್ತಾನೆ. ಆಗ ಬರುವ ದುಃಖ, ಆದುದಕ್ಕಾಗಿ ಮಾತ್ರವಲ್ಲ. ಎಂದೂ ದೊರೆಯದೆ ಹೋದ ಬಾಲ್ಯಕ್ಕಾಗಿ. ಹಿಂಸಿಸಿದವರನ್ನು ಕ್ಷಮಿಸಲೇಬೇಕೆಂಬ ಒತ್ತಾಯ ಇಲ್ಲಿ ಸಲ್ಲದು. ಮೂರನೆಯದು ಮರಳಿ ಬಾಳಿಗೆ ಹೊಂದಿಕೊಳ್ಳುವುದು: ಗೆಳೆತನ, ದಾಂಪತ್ಯ, ದುಡಿಮೆ.

ಕೇಂದ್ರ ಸರ್ಕಾರ ೨೦೨೨ರ ಅಕ್ಟೋಬರ್ ೧೦ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಪ್ರಧಾನ ಕೇಂದ್ರ. ೧೪೪೧೬ ಎಂಬ ಸಂಖ್ಯೆಗೆ ಹಗಲಿರುಳೂ ಶುಲ್ಕವಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಕರೆ ಮಾಡಿದವರು ಮೊದಲ ದಿನವೇ ಕಥೆಯನ್ನೆಲ್ಲ ಹೇಳಿ ಮುಗಿಸಬೇಕಾದುದಿಲ್ಲ.