ಮೇಳ ಬೆಳೆದ ಮೇಲಿನ ಹಾಡು

ನಮ್ಮ ದರಿಬಡಚಿಯಲ್ಲಿ ಅಮವಾಸ್ಯೆಯ ರಾತ್ರಿ ಗುಡಿಯ ಕಟ್ಟೆಯ ಮೇಲೆ ಭಜನೆ ನಡೆಯುವುದು ಹೊಸ ಸಂಗತಿಯೇನೂ ಅಲ್ಲ. ಒಂದು ಪೇಟಿ, ಒಂದು ತಬಲಾ, ನಾಲ್ಕು ಜೊತೆ ತಾಳ. ಮುಂದೆ ಹೇಳುವವರು ಇಬ್ಬರು, ಹಿಂದೆ ಎತ್ತಿಕೊಳ್ಳುವವರು ಬಂದು ಕುಳಿತವರೆಲ್ಲರೂ. ಆದರೆ ಕಳೆದ ದೀಪಾವಳಿಯ ಅಮವಾಸ್ಯೆಯಂದು ಒಂದೇ ಊರಿನಲ್ಲಿ ಎರಡು ಭಜನೆಗಳಾದವು. ತರುಣರು ಪಟ್ಟಿ ಕೂಡಿಸಿ ಕೀಬೋರ್ಡನ್ನೂ ದೊಡ್ಡ ಸ್ಪೀಕರುಗಳನ್ನೂ ತಂದು ಬಯಲಿನಲ್ಲಿ ಕುಳಿತರು. ಹಿರಿಯರು ಗುಡಿಯನ್ನು ಬಿಟ್ಟು ಕದಲಲಿಲ್ಲ. ಇಬ್ಬರೂ ಹಾಡಿದ್ದು ಶಿಶುನಾಳ ಶರೀಫರ ಪದಗಳನ್ನೇ. ನಾವು ಎರಡರ ನಡುವಿನ ಓಣಿಯಲ್ಲಿ ನಿಂತು, ಎತ್ತ ಹೋಗಬೇಕೆಂದು ತಿಳಿಯದೆ, ಮನೆಗೆ ಮರಳಿದೆವು.

ಹಬ್ಬಕ್ಕೆಂದು ಪುಣೆಯಿಂದ ಬಂದಿದ್ದ ನಮ್ಮ ಸೋದರಳಿಯ ಈ ಸುದ್ದಿಯನ್ನು ಕೇಳಿ ನಕ್ಕನು. ಇಂಥದೇ ವಾದವು ಬ್ರಿಟನ್ನಿನ ಒಂದು ಮೇಳದ ವಿಷಯದಲ್ಲಿ ಐವತ್ತು ವರ್ಷಗಳಿಂದಲೂ ನಡೆದಿದೆಯೆಂದು ಹೇಳಿ, ಆ ಮೇಳದ ಹಾಡುಗಳನ್ನೆಲ್ಲ ನಮ್ಮ ಮೊಬೈಲಿಗೆ ತುಂಬಿ ಕೊಟ್ಟನು. ಹೊರಡುವಾಗ, "ಮಾಮಾ, ಮೊದಲಿನವಷ್ಟ ಕೇಳ್ರಿ, ಮುಂದಿನವು ಬ್ಯಾಡ್ರಿ" ಎಂದು ಎಚ್ಚರಿಕೆಯನ್ನೂ ಕೊಟ್ಟನು. ಬೇಡವೆಂದದ್ದನ್ನೇ ಮೊದಲು ಕೇಳುವುದು ಮನುಷ್ಯಸ್ವಭಾವ. ಜೋಳದ ತೆನೆ ಹಾಲುಗಟ್ಟಿ ಹಕ್ಕಿ ಕಾಯುವ ದಿನಗಳು ಬಂದಾಗ, ಹೊಲದ ಅಟ್ಟದ ಮೇಲೆ ಕುಳಿತು ಮೊದಲಿನವನ್ನೂ ಮುಂದಿನವನ್ನೂ ಸಾವಕಾಶವಾಗಿ ಕೇಳಿದೆವು.

ಮೇಳದ ಹೆಸರು ಇನ್‌ಕ್ರೆಡಿಬಲ್ ಸ್ಟ್ರಿಂಗ್ ಬ್ಯಾಂಡ್. ಸ್ಕಾಟ್ಲಂಡಿನ ಎಡಿನ್‌ಬರೋ ನಗರದಲ್ಲಿ ರಾಬಿನ್ ವಿಲಿಯಮ್‌ಸನ್, ಕ್ಲೈವ್ ಪಾಮರ್, ಮೈಕ್ ಹೆರನ್ ಎಂಬ ಮೂವರು ತರುಣರು ಕೂಡಿ ಕಟ್ಟಿದ್ದು. 1966ರಲ್ಲಿ ಅವರ ಮೊದಲ ಧ್ವನಿಮುದ್ರಿಕೆ ಹೊರಬಂದಿತು. ಅನಂತರ ಪಾಮರ್ ಅಫಘಾನಿಸ್ತಾನ, ಭಾರತಗಳ ಕಡೆಗೆ ಹೊರಟುಹೋದನು. ವಿಲಿಯಮ್‌ಸನ್ ಮೊರಾಕ್ಕೊ ದೇಶಕ್ಕೆ ಹೋಗಿ ಅಲ್ಲಿಯ ವಾದ್ಯಗಳನ್ನು ಹೊತ್ತು ತಂದನು. ಹಳ್ಳಿಗರ ಹಳೆಯ ಪದದ ಧಾಟಿಗೆ ಸಿತಾರಿನ ನಾದವನ್ನೂ ಮೊರಾಕ್ಕೊದ ತಂತಿವಾದ್ಯವನ್ನೂ ಬೆರೆಸಿ, ಕನಸಿನಲ್ಲಿ ಕಂಡಂತೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಹಾರುವ ಹಾಡುಗಳನ್ನು ಇವರು ಕಟ್ಟಿದರು. ಇದನ್ನು ಆ ಕಾಲದವರು ಸೈಕೆಡೆಲಿಕ್ ಜನಪದವೆಂದು ಕರೆದರು. ಶರೀಫರ ಬೆಡಗಿನ ಪದಗಳನ್ನು ಕೇಳಿ ಬೆಳೆದ ನಮಗೆ ಇದು ತೀರ ಪರಕೀಯವೆನಿಸಲಿಲ್ಲ. 1968ರಲ್ಲಿ ಬಂದ 'ದಿ ಹ್ಯಾಂಗ್‌ಮನ್ಸ್ ಬ್ಯೂಟಿಫುಲ್ ಡಾಟರ್' ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೆ ಏರಿತು.

ಆ ಹೊತ್ತಿಗೆ ಮೇಳದಲ್ಲಿ ರೋಸ್ ಸಿಂಪ್‌ಸನ್, ಲಿಕೊರಿಸ್ ಮೆಕೆಕ್ನಿ ಎಂಬ ಇಬ್ಬರು ಹೆಣ್ಣುಮಕ್ಕಳೂ ಸೇರಿದ್ದರು. ಇಬ್ಬರೂ ಪಳಗಿದ ಕಲಾವಿದೆಯರಲ್ಲ. ರೋಸ್ ಮೇಳಕ್ಕೆ ಬಂದ ಮೇಲೆಯೇ ಬಾಸ್ ಗಿಟಾರನ್ನು ಕಲಿತವಳು. ಇವರೆಲ್ಲ ಸ್ಕಾಟ್ಲಂಡಿನ ಗಡಿಸೀಮೆಯಲ್ಲಿ, ಇನರ್ಲೀದನ್ ಊರಿನ ಹತ್ತಿರದ ಗ್ಲೆನ್ ಎಂಬಲ್ಲಿ, ಒಂದೇ ಸಾಲಿನ ಸಣ್ಣ ಮನೆಗಳಲ್ಲಿ ಒಕ್ಕಲಾಗಿದ್ದರು. ಓದುಗ ಬಂಧುಗಳು ಗಮನಿಸಬೇಕು: ಅದು ಗಡಿನಾಡು. ಇಂಗ್ಲೆಂಡ್ ಸ್ಕಾಟ್ಲಂಡುಗಳ ನಡುವಿನ ಆ ಸೀಮೆಯ ಪದಗಳನ್ನು ವಾಲ್ಟರ್ ಸ್ಕಾಟ್ 1802ರಲ್ಲಿಯೇ ಅಚ್ಚು ಹಾಕಿಸಿದ್ದನು. ಅವನಿಗೆ ಪದಗಳನ್ನು ಹೇಳಿಕೊಟ್ಟ ಒಬ್ಬ ಹಳ್ಳಿಯ ತಾಯಿ, ಹಾಡಲಿಕ್ಕೆ ಇದ್ದುದನ್ನು ಓದಲಿಕ್ಕೆ ಮಾಡಿ ಕೆಡಿಸಿದೆಯೆಂದು ಅವನನ್ನು ಗದರಿಸಿದಳೆಂದು ಆಕೆಯ ಮಗ, ಕವಿ ಜೇಮ್ಸ್ ಹಾಗ್, ಬರೆದಿಟ್ಟಿದ್ದಾನೆ. ನಮ್ಮ ನೆರೆಯ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದ್ದು ನಮಗಿಲ್ಲಿ ನೆನಪಾಗದಿರದು. ಗಡಿಯ ಜನರಿಗೆ ಹಾಡೆಂಬುದು ಆಸ್ತಿ. ಅದು ಕೈ ಬದಲಾದಾಗ ಅಳುಕು ಹುಟ್ಟುವುದು ಸಹಜ.

ಇನ್ನು ಬೇಡವೆಂದು ಹೇಳಿದ ಮುಂದಿನವು. 1969ರಿಂದ 1974ರವರೆಗಿನ ಆರು ವರ್ಷಗಳಲ್ಲಿ ಈ ಮೇಳ ಎಂಟು ಆಲ್ಬಮ್‌ಗಳನ್ನು ಹೊರತಂದಿತು. 1970ರ 'ಯು' ನೃತ್ಯತಂಡವೊಂದರ ಜೊತೆಗೆ ರಂಗದ ಮೇಲೆ ಆಡಿದ ಆಟದ ಹಾಡುಗಳು. ಎರಡು ತಟ್ಟೆಗಳಷ್ಟು ಉದ್ದ. ನಮ್ಮ ಬಯಲಾಟದಂತೆ ಅದರಲ್ಲಿ ಬೇಸರದ ಹೊತ್ತೂ ಉಂಟು, ಮೈಮರೆಸುವ ಹೊತ್ತೂ ಉಂಟು. 1971ರ 'ಲಿಕ್ವಿಡ್ ಆ್ಯಕ್ರೊಬ್ಯಾಟ್ ಆ್ಯಸ್ ರಿಗಾರ್ಡ್ಸ್ ದಿ ಏರ್' ಎಂಬುದರಲ್ಲಿ ಎಲೆಕ್ಟ್ರಿಕ್ ಗಿಟಾರಿನ ಸದ್ದು ಹೆಚ್ಚಿದೆ. ಆದರೆ ಅದರ ಕೊನೆಗೆ ಯುದ್ಧಕಾಲದ ಅಗಲಿಕೆಯ ಒಂದು ದೀರ್ಘವಾದ ಕಥನಗೀತವಿದೆ; ಅದನ್ನು ಕೇಳುವಾಗ ನಾವು ಕವಣೆ ಬೀಸುವುದನ್ನು ಮರೆತು, ಗಿಳಿಗಳು ನಾಲ್ಕು ಸಾಲು ಜೋಳವನ್ನು ತಿಂದುಹೋದವು. ಇಂಥದನ್ನು ಬೇಡವೆಂದು ಹೇಳಿದ ಅಳಿಯನ ಮಾತನ್ನು ನಾವು ಒಪ್ಪಲಾರೆವು.

ಆದರೆ 1972ರ 'ಅರ್ಥ್‌ಸ್ಪ್ಯಾನ್', 1973ರ 'ನೋ ರೂಯಿನಸ್ ಫ್ಯೂಡ್', 1974ರ 'ಹಾರ್ಡ್ ರೋಪ್ ಆ್ಯಂಡ್ ಸಿಲ್ಕನ್ ಟ್ವೈನ್' ಕೇಳುತ್ತ ಬಂದಂತೆ ಮನಸ್ಸು ಹಗುರವಾಗಿ ಹಿಂದೆ ಸರಿಯಿತು. ವಾದನದಲ್ಲಿ ತಪ್ಪಿಲ್ಲ. ಮೊದಲಿಗಿಂತ ಕೈ ಹೆಚ್ಚು ಪಳಗಿದೆ. ಹಾಗಾದರೆ ಕಳೆದುಹೋದದ್ದು ಯಾವುದು? ಹಲವರು ವಿದ್ಯುತ್ತಿನ ವಾದ್ಯಗಳನ್ನು ದೂರುತ್ತಾರೆ. ಕೆಲವರು ಮೇಳದವರು ಸೈಂಟಾಲಜಿ ಎಂಬ ಪಂಥವನ್ನು ಸೇರಿದ್ದೇ ಕಾರಣವೆನ್ನುತ್ತಾರೆ. ನಮಗೆ ತೋರಿದ್ದು ಬೇರೆ. ಮೊದಲಿನಿಂದ ಅವರ ಮುದ್ರಣವನ್ನು ನೋಡಿಕೊಂಡಿದ್ದ ಜೋ ಬಾಯ್ಡ್ 1970ರ ಕೊನೆಗೆ ಅಮೇರಿಕೆಗೆ ಹೊರಟುಹೋದನು. ರೋಸ್ 1971ರಲ್ಲಿ, ಲಿಕೊರಿಸ್ 1972ರಲ್ಲಿ ಮೇಳವನ್ನು ಬಿಟ್ಟರು. ಅವರ ಜಾಗಕ್ಕೆ ಬೇರೆಯವರು ಬಂದರು. ಮೊದಲಿನ ಹಾಡುಗಳಲ್ಲಿ ಶ್ರುತಿಗೆ ತುಸು ತಪ್ಪಿದರೂ ಒಳಗಿನಿಂದ ಎತ್ತಿಕೊಳ್ಳುತ್ತಿದ್ದ ಆ ಹೆಣ್ಣುದನಿಗಳು ಮಾಯವಾದವು. ಹೆರನ್ ಒಂದು ಕಡೆಗೆ, ವಿಲಿಯಮ್‌ಸನ್ ಇನ್ನೊಂದು ಕಡೆಗೆ ಎಳೆದರು. 1974ರಲ್ಲಿ ಮೇಳ ಮುರಿಯಿತು. ಹಾಡುಗಾರಿಕೆ ಬೆಳೆಯಿತು, ಮನೆ ಮಾತ್ರ ಬರಿದಾಯಿತು.

ಹೊಸ ವಾದ್ಯವೇ ಕೇಡೆನ್ನುವವರಿಗೆ ನಮ್ಮಲ್ಲಿಯ ಉದಾಹರಣೆಯನ್ನೇ ಕೊಡಬಹುದು. ಶರೀಫರು (1819–1889) ಬಾಯಿಂದ ಬಾಯಿಗೆ ದಾಟಿ ಉಳಿದವರು. 1990ರಲ್ಲಿ ಟಿ. ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಲನಚಿತ್ರಕ್ಕೆ ಸಿ. ಅಶ್ವತ್ಥರು ಸಂಗೀತವನ್ನು ಕೊಟ್ಟ ಮೇಲೆ ಆ ಪದಗಳು ಭಜನೆಯನ್ನೇ ಅರಿಯದ ಮನೆಗಳಿಗೂ ತಲುಪಿದವು. ಇದೇ ನಮ್ಮ ಮಹಾರಾಷ್ಟ್ರದ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಗಿಟಾರು, ಡ್ರಮ್ಮುಗಳೊಡನೆ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶರೀಫರನ್ನು ಹಾಡಿದರು. 2013ರ ಎರಡನೆಯ ಆಲ್ಬಮ್ 'ಜಗ್ ಚಂಗಾ'ದಲ್ಲಿಯೂ ಶರೀಫರ ಕಡೆಗೇ ಮರಳಿದರು. ವಾದ್ಯ ಹೊಸದಾದರೂ ಪದ ಕೆಡಲಿಲ್ಲ. ಹಾಗೆ ನೋಡಿದರೆ ನಮ್ಮ ಹಿರಿಯರು ಎದೆಗವಚಿಕೊಂಡ ಪೇಟಿಯೂ ಫ್ರಾನ್ಸ್ ದೇಶದಲ್ಲಿ 1840ರ ಸುಮಾರಿಗೆ ಹುಟ್ಟಿ ಬಂದದ್ದೇ ಅಲ್ಲವೆ?

ಈ ವಿಚಾರವನ್ನು ನಾವು ಶಿವರಾತ್ರಿಗೆ ಮುಂಚೆ ಪೇಟಿ ಬಾರಿಸುವ ಹಿರಿಯರೊಬ್ಬರ ಮುಂದೆ ಇಟ್ಟೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಕೀಬೋರ್ಡಿಗೆ ನಂದೇನೂ ತಕರಾರಿಲ್ಲರಿ. ಆ ಸ್ಪೀಕರ ಹಚ್ಚಿದರ ಹಿಂದ ಕುಂತ ಮುದುಕೇರ ದನಿ ನಮಗ ಕೇಳಂಗಿಲ್ಲ. ಕೇಳದಿದ್ರ ಅವರು ಯಾಕ ಹಾಡಬೇಕು?" ಎಂದರು. ನಾವು ಮೂರು ತಿಂಗಳು ಅಟ್ಟದ ಮೇಲೆ ಕುಳಿತು ಕಂಡುಕೊಂಡದ್ದನ್ನು ಅವರು ಒಂದು ಮಾತಿನಲ್ಲಿ ಹೇಳಿ ಮುಗಿಸಿದರು.

ಅದೇ ಮಾತನ್ನು ತರುಣರ ಕಿವಿಗೂ ಹಾಕಿದೆವು. ಶಿವರಾತ್ರಿಯಂದು ಕೀಬೋರ್ಡು ಗುಡಿಯ ಕಟ್ಟೆಯನ್ನು ಏರಿತು. ದೊಡ್ಡ ಸ್ಪೀಕರುಗಳು ಮನೆಯಲ್ಲಿಯೇ ಉಳಿದವು. ಇಬ್ಬರು ಹುಡುಗರು ಮುನಿಸಿಕೊಂಡು ಬರಲಿಲ್ಲ. ಅವರೂ ಬರುವರೆಂಬ ನಂಬಿಕೆ ನಮಗಿದೆ. ನಡುರಾತ್ರಿಯ ಸುಮಾರಿಗೆ ಮುಂದೆ ಹೇಳುವವರು ಒಂದು ನುಡಿಯನ್ನು ಮರೆತರು. ಹಿಂದಿನಿಂದ ಒಬ್ಬ ಅಜ್ಜಿ ಅದನ್ನು ಎತ್ತಿ ಕೊಟ್ಟಳು. ಕೀಬೋರ್ಡಿನ ಹುಡುಗ ಕೈ ತಡೆದು, ಆಕೆಯ ಶ್ರುತಿಯನ್ನು ಹುಡುಕಿಕೊಂಡು ನುಡಿಸಿದನು.

ಜತ್ತ ತಾಲೂಕಿನಲ್ಲಾಗಲಿ, ಅಕ್ಕಲಕೋಟೆ ಸೊಲ್ಲಾಪುರಗಳಲ್ಲಾಗಲಿ, ನಮ್ಮ ಕನ್ನಡ ಉಳಿದಿರುವ ಜಾಗಗಳಲ್ಲಿ ಈ ಹಿಮ್ಮೇಳವೂ ಒಂದು. ಶಾಲೆಯ ಪುಸ್ತಕವನ್ನು ಮುಚ್ಚಿದ ಮಗುವೂ ಅಲ್ಲಿ ಕುಳಿತು ಕನ್ನಡದ ನಾಲ್ಕು ನುಡಿಗಳನ್ನು ಬಾಯಿಗೆ ತಂದುಕೊಳ್ಳುತ್ತದೆ. ನಿಮ್ಮ ಊರಿನ ಮೇಳಕ್ಕೆ ಹೊಸ ವಾದ್ಯ ಬಂದರೆ ಬರಲಿ. ಹಿಂದೆ ಕುಳಿತವರ ದನಿ ಮುಂದಿನವರಿಗೆ ಕೇಳುತ್ತಿದೆಯೇ ಎಂಬುದನ್ನು ಮಾತ್ರ ದಯವಿಟ್ಟು ನೋಡಿಕೊಳ್ಳಿರಿ.